ವಾರ್ಡು ಬಿಟ್ಟು ಕಾಲೇಜಿಗೆ ಹೋಗಲೇ?

ಪ್ರಶ್ನೆ: ನಾನು ಡೊಂಬಿವಲಿಯವಳು, ವಯಸ್ಸು 34. ಮಂಗಳೂರಿನಲ್ಲಿ ಮಕ್ಕಳ ಶುಶ್ರೂಷೆಯಲ್ಲಿ ಎಂ.ಎಸ್ಸಿ. ಮುಗಿಸಿ, ಮುಂಬಯಿಯ ಪರೇಲಿನ ಆಸ್ಪತ್ರೆಯೊಂದರ ಮಕ್ಕಳ ವಾರ್ಡಿನಲ್ಲಿ ಸ್ಟಾಫ್ ನರ್ಸ್ ಆಗಿದ್ದೇನೆ. ಕೂಸುಗಳಿಗೆ ಐವಿ (ರಕ್ತನಾಳಕ್ಕೆ ಔಷಧ ಹರಿಸುವ ನಳಿಕೆ) ಹಾಕಿದ ಕೈ ಏಕೆ ಅಷ್ಟು ಬೇಗ ಊದಿಕೊಳ್ಳುತ್ತದೆ ಎಂಬುದನ್ನು ಗಮನಿಸಿ ಬರೆದಿಡುತ್ತ ಬಂದಿದ್ದೇನೆ; ಅದರ ಮೇಲೆಯೇ ಪಿಎಚ್.ಡಿ. ಮಾಡುವ ಆಸೆ. ಈಗ ನವಿ ಮುಂಬಯಿಯ ನರ್ಸಿಂಗ್ ಕಾಲೇಜೊಂದು ಉಪನ್ಯಾಸಕಿಯಾಗಿ ಬರಲು ಕರೆದಿದೆ. ರಾತ್ರಿ ಪಾಳಿ ತಪ್ಪಿತೆಂದು ಮನೆಯವರಿಗೆ ಸಂತೋಷ. ನನಗೋ, ಮಕ್ಕಳನ್ನು ಬಿಟ್ಟು ಓಡಿಹೋದಂತೆ ಅನ್ನಿಸುತ್ತಿದೆ.

ಉತ್ತರ: ಸಹೋದರಿ, ಮನೆಯವರ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ರಾತ್ರಿಯಿಡೀ ದುಡಿದು, ಲೋಕಲ್‌ನಲ್ಲಿ ತೂಕಡಿಸುತ್ತ ಡೊಂಬಿವಲಿಗೆ ಮರಳಿ, ಹಗಲಿನಲ್ಲಿ ಪ್ರಬಂಧ ಬರೆಯುವುದು ವರ್ಷಗಟ್ಟಲೆ ನಡೆಯುವ ಕೆಲಸವಲ್ಲ.

ಬ್ರಿಟನ್ನಿನಲ್ಲಿ ವಾರದ ಕೆಲವು ದಿನ ವಾರ್ಡಿನಲ್ಲಿಯೂ ಉಳಿದ ದಿನ ವಿಶ್ವವಿದ್ಯಾಲಯದ ಸಂಶೋಧನೆಯಲ್ಲಿಯೂ ತೊಡಗಿರುವ ನರ್ಸ್‌ಗಳಿದ್ದಾರೆ. ನಮ್ಮಲ್ಲಿ ಬಹುತೇಕ ಕಡೆ ಆಸ್ಪತ್ರೆಯ ನರ್ಸಿಂಗ್ ವಿಭಾಗಕ್ಕೂ ಕಾಲೇಜಿಗೂ ನಡುವೆ ಗೋಡೆಯಿದ್ದು, ವಾರ್ಡಿನಲ್ಲಿಯೇ ಉಳಿದವರ ಎಂ.ಎಸ್ಸಿ. ಪದವಿಯನ್ನು ಕೇಳುವವರಿಲ್ಲ. ನಿಮ್ಮ ಇಕ್ಕಟ್ಟಿನ ಅರ್ಧ ಭಾಗ ಈ ವ್ಯವಸ್ಥೆ ತಂದಿಟ್ಟದ್ದು. ಅದಕ್ಕಾಗಿ ನೀವು ತಪ್ಪಿತಸ್ಥೆಯಂತೆ ಕುಗ್ಗಬೇಕಾಗಿಲ್ಲ.

ನೀವು ಸಂಶೋಧನೆಗೆ ಆರಿಸಿಕೊಂಡ ಪ್ರಶ್ನೆ ಮಾತ್ರ ಬಹಳ ಬೆಲೆಯುಳ್ಳದ್ದು. ಕೂಸಿಗೆ ನೋಯುತ್ತದೆಂದು ಹೇಳಲು ಬಾರದು, ಕೈ ಅಲುಗದಂತೆ ಕಟ್ಟುವ ಸ್ಪ್ಲಿಂಟು ಮತ್ತು ಅಂಟುಪಟ್ಟಿಯಡಿ ಊತ ಕಣ್ಣಿಗೆ ಬೀಳದು, ಕ್ಯಾಲ್ಸಿಯಂನಂಥ ಔಷಧ ರಕ್ತನಾಳದಿಂದ ಹೊರಗೆ ಸೋರಿದರೆ ಅಲ್ಲಿನ ಚರ್ಮವೇ ಸತ್ತುಹೋಗಬಹುದು. ಪಾಳಿಯುದ್ದಕ್ಕೂ ಆ ಪುಟ್ಟ ಕೈಯನ್ನು ಮುಟ್ಟಿ ನೋಡುವವರು ನರ್ಸ್‌ಗಳೇ ಆದ್ದರಿಂದ, ಇದನ್ನು ನೀವು ಕೇಳದಿದ್ದರೆ ಇನ್ನಾರೂ ಕೇಳಲಿಕ್ಕಿಲ್ಲ. ಆದರೆ ಬರೆದಿಟ್ಟ ಟಿಪ್ಪಣಿಗಳನ್ನು ಹಾಗೆಯೇ ಸಂಶೋಧನೆಗೆ ಬಳಸುವಂತಿಲ್ಲ. ಮೊದಲು ಸಂಶೋಧನೆ ನೀತಿಬದ್ಧವೇ ಎಂದು ಪರಿಶೀಲಿಸುವ ಎಥಿಕ್ಸ್ ಸಮಿತಿಯ ಅನುಮತಿ ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯ ಪ್ರಕಾರ ಹೆತ್ತವರ ಒಪ್ಪಿಗೆಯ ಜೊತೆಗೆ, 7 ವರ್ಷ ದಾಟಿದ ಮಕ್ಕಳಾದರೆ ಅವರ ಸಮ್ಮತಿಯನ್ನೂ ಕೇಳಬೇಕು. ನಿಮ್ಮ ಟಿಪ್ಪಣಿಗಳಲ್ಲಿ ಮಕ್ಕಳ ಹೆಸರಿದ್ದರೆ ಇಂದೇ ಅಳಿಸಿಬಿಡಿ.

ಕಾಲೇಜಿಗೆ ಹೋಗಿ ಎಂದೇ ನನ್ನ ಸಲಹೆ, ಆದರೆ ಷರತ್ತು ಹಾಕಿ ಹೋಗಿ. ಕಾಲೇಜಿಗೆ ಹೊಂದಿಕೊಂಡ ಆಸ್ಪತ್ರೆಯಲ್ಲಿ ಮಕ್ಕಳ ವಾರ್ಡು ಹೇಗಿದೆ ಎಂಬುದನ್ನು ಸ್ವತಃ ನೋಡಿ ಬನ್ನಿ. ವಿದ್ಯಾರ್ಥಿಗಳ ಕ್ಲಿನಿಕಲ್ ಪೋಸ್ಟಿಂಗ್ (ವಾರ್ಡಿನಲ್ಲಿ ನಡೆಯುವ ತರಬೇತಿ) ಹೊಣೆಯನ್ನು ನಿಮಗೇ ವಹಿಸಬೇಕೆಂದು ಕೇಳಿ; ಆಗ ವಾರಕ್ಕೆ ಎರಡು ದಿನವಾದರೂ ಮಕ್ಕಳ ಹಾಸಿಗೆಯ ಬಳಿ ನಿಲ್ಲುವ ಅವಕಾಶ ಉಳಿಯುತ್ತದೆ. ಪ್ರಿನ್ಸಿಪಾಲರು ನಗುತ್ತ "ನೋಡೋಣ" ಎಂದರೆ ಅದನ್ನು ಇಲ್ಲವೆಂದೇ ತಿಳಿಯಿರಿ. ಪಿಎಚ್.ಡಿ.ಗೆ ನಾಸಿಕದ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯವನ್ನು ವಿಚಾರಿಸಿ. ಮಾರ್ಗದರ್ಶಕರು ಮಕ್ಕಳ ಶುಶ್ರೂಷೆ ಬಲ್ಲವರಾಗಿರಲಿ. ಕಾಲೇಜು ಈ ಷರತ್ತುಗಳನ್ನು ನೇಮಕಾತಿ ಪತ್ರದಲ್ಲಿ ಬರೆದುಕೊಟ್ಟ ಮೇಲೆಯೇ ಪರೇಲಿನಲ್ಲಿ ರಾಜೀನಾಮೆ ಕೊಡಿ.