ಮೊದಲ ಸೆಮಿ ಆಟೋ ರೈಫಲ್ ಯಾವುದು ತಗೊಳ್ಳಲಿ? ನನ್ನ ಉತ್ತರ: .22

ನಿಮ್ಮ ಪ್ರಶ್ನೆ ಇದು: ಡಲ್ಲಾಸ್ ಹತ್ತಿರ ಇದ್ದೀರಿ, ಗ್ರೀನ್ ಕಾರ್ಡ್ ಬಂದು ಆರು ತಿಂಗಳಾಯಿತು, ಶನಿವಾರ ಭಾನುವಾರ ರೇಂಜ್‌ಗೆ ಹೋಗಿ ಗುರಿ ಹೊಡೆಯೋದಕ್ಕೆ 500 ಡಾಲರ್ ಒಳಗೆ ಒಂದು ನಂಬಿಕೆಯ ಸೆಮಿ ಆಟೋ ರೈಫಲ್ ಬೇಕು. ಗೆಳೆಯರೆಲ್ಲ ಎಆರ್-15 (ಸೈನ್ಯದ ರೈಫಲ್ ತರಹ ಕಾಣುವ ಸೆಮಿ ಆಟೋ) ತಗೋ ಅಂತಿದ್ದಾರೆ. ಓದೋಕೆ ಬಂದ ತಮ್ಮ ನಿಮ್ಮ ಮನೆಯಲ್ಲೇ ಇದ್ದಾನೆ, ಅವನನ್ನೂ ಕರೆದುಕೊಂಡು ಹೋಗುವ ಆಸೆ ಅಂತಲೂ ಬರೆದಿದ್ದೀರಿ.

ರೂಗರ್ 10/22 ತಗೊಳ್ಳಿ, ಅದು .22 ಅನ್ನೋ ಚಿಕ್ಕ ಗುಂಡು ಹೊಡೆಯುವ ಸೆಮಿ ಆಟೋ ರೈಫಲ್. ಉಳಿದ ದುಡ್ಡಿಗೆ ಗುಂಡು, ಕಿವಿಗೆ ಮಫ್, ಕಣ್ಣಿಗೆ ಕನ್ನಡಕ, ಬೀಗ ಹಾಕುವ ಪೆಟ್ಟಿಗೆ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ತಮ್ಮನ ವಿಷಯ ಸೂಕ್ಷ್ಮ, ಅದನ್ನು ಮೊದಲು ಮುಗಿಸೋಣ.

ಗ್ರೀನ್ ಕಾರ್ಡ್ ಇದ್ದವರು ಇಲ್ಲಿ ರೈಫಲ್ ಕೊಳ್ಳಬಹುದು, ಅದರಲ್ಲಿ ತೊಂದರೆ ಇಲ್ಲ. ಆದರೆ ಎಫ್-1 (ಓದೋಕೆ ಬಂದವರದು), ಎಚ್-1ಬಿ (ಕೆಲಸಕ್ಕೆ ಬಂದವರದು) ತರಹದ ವೀಸಾ ಮೇಲೆ ಇರುವವರು ಕೋವಿಯನ್ನಾಗಲಿ ಗುಂಡನ್ನಾಗಲಿ ಕೈಯಲ್ಲಿ ಇಟ್ಟುಕೊಳ್ಳುವುದೇ ಫೆಡರಲ್ ಕಾನೂನಿನ ಪ್ರಕಾರ ಅಪರಾಧ. ರೇಂಜ್‌ನಲ್ಲಿ ಬಾಡಿಗೆಗೆ ಕೊಟ್ಟರೂ ಅಷ್ಟೇ. ಇದು ನಮ್ಮವರಲ್ಲಿ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ, ಆಫೀಸಿನವರ ಜೊತೆ ಖುಷಿಗೆ ಅಂತ ಹೋಗಿ ಫೋಟೋ ಕೂಡ ಹಾಕಿಕೊಳ್ಳುತ್ತಾರೆ, ನೋಡಿದಾಗೆಲ್ಲ ನನಗೆ ಎದೆ ಹೊಡೆದುಕೊಳ್ಳುತ್ತದೆ. ಒಂದು ವಿನಾಯಿತಿ ಇದೆ: ಅಮೆರಿಕದ ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಹಂಟಿಂಗ್ ಲೈಸೆನ್ಸ್ ಇದ್ದರೆ ಈ ನಿಷೇಧ ಅನ್ವಯಿಸುವುದಿಲ್ಲ. ತಮ್ಮನನ್ನು ಕರೆದೊಯ್ಯುವ ಮೊದಲು ಅದನ್ನು ಮಾಡಿಸಿ, ವಲಸೆ ವಕೀಲರ ಹತ್ತಿರ ಒಂದು ಮಾತು ಕೇಳಿ. ಅಲ್ಲಿಯವರೆಗೆ ಪೆಟ್ಟಿಗೆಯ ಬೀಗದ ಕೈ ನಿಮ್ಮ ಹತ್ತಿರ ಮಾತ್ರ ಇರಲಿ. ಅವನ ವೀಸಾ, ಅವನ ಓದು, ಎಲ್ಲ ಇದರ ಮೇಲೆ ನಿಂತಿದೆ. ಇನ್ನೊಂದು. ವೀಸಾ ಮೇಲೆ ಇರುವ ಗೆಳೆಯ ದುಡ್ಡು ಕೊಟ್ಟು "ನಿನ್ನ ಹೆಸರಲ್ಲಿ ನನಗೊಂದು ತೆಗೆದುಕೊಡು" ಅಂದರೆ ಖಂಡಿತ ಬೇಡ ಅನ್ನಿ. ಅಂಗಡಿಯಲ್ಲಿ ತುಂಬಿಸುವ ಫಾರ್ಮ್ 4473ರಲ್ಲಿ ನಿಜವಾದ ಖರೀದಿದಾರ ನೀವೇನಾ ಅಂತ ಕೇಳುತ್ತಾರೆ. ಅಲ್ಲಿ ಸುಳ್ಳು ಬರೆದರೆ ಅದೇ ದೊಡ್ಡ ಕೇಸು.

ಈಗ ರೈಫಲ್. ನಾನು ಕೊಪ್ಪದ ಕಡೆಯವನು. ನಮ್ಮ ಮನೆಯಲ್ಲಿ ಬೆಳೆ ರಕ್ಷಣೆಯ ಲೈಸೆನ್ಸ್ ಮೇಲೆ ಅಪ್ಪನ ಒಂದು ತೋಟಾ ಕೋವಿ ಇತ್ತು, ಒಂಟಿ ನಳಿಗೆಯದು. ಅಡಿಕೆ ತೋಟಕ್ಕೆ ಮಂಗನ ಹಿಂಡು ಬಂದಾಗ ಬೆದರಿಸಿ ಓಡಿಸೋದಕ್ಕೆ ಅಂತ ಇದ್ದದ್ದು. ಚುನಾವಣೆ ಬಂತು ಅಂದರೆ ಅದನ್ನು ಠಾಣೆಗೆ ಜಮೆ ಮಾಡಿ ಬರಬೇಕಿತ್ತು. ಒಂದು ಈಡು ಹೊಡೆದ ಮೇಲೆ ಕೋವಿ ಮುರಿದು, ಖಾಲಿ ತೋಟಾ ತೆಗೆದು, ಹೊಸದು ಹಾಕಿ, ಮತ್ತೆ ಮುಚ್ಚಬೇಕು. ಹೊಡೆದ ಕೋವಿ ಅಂದರೆ ಖಾಲಿ ಕೋವಿ, ಅದು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಸೆಮಿ ಆಟೋ ಇದಕ್ಕೆ ಪೂರಾ ಉಲ್ಟಾ. ನೀವು ಕುದುರೆ (ಟ್ರಿಗರ್) ಎಳೆದ ತಕ್ಷಣ ಗುಂಡು ಹೋಗುತ್ತದೆ, ಬೋಲ್ಟ್ (ನಳಿಗೆಯ ಹಿಂಬಾಯಿ ಮುಚ್ಚುವ, ಹಿಂದೆ ಮುಂದೆ ಸರಿಯುವ ಭಾಗ) ಹಿಂದೆ ಸರಿದು ಖಾಲಿ ಚಿಪ್ಪನ್ನು ಆಚೆ ಎಸೆಯುತ್ತದೆ, ಮುಂದೆ ಬರುವಾಗ ಇನ್ನೊಂದು ಗುಂಡನ್ನು ಚೇಂಬರ್‌ಗೆ, ಅಂದರೆ ನಳಿಗೆಯ ಹಿಂತುದಿಯಲ್ಲಿ ಗುಂಡು ಕೂರುವ ಜಾಗಕ್ಕೆ, ತಳ್ಳಿ ನಿಲ್ಲುತ್ತದೆ. ಅಂದರೆ ಹೊಡೆದ ಕೋವಿ ಅಂದರೆ ಮತ್ತೆ ತುಂಬಿದ ಕೋವಿ.

ಇದು ಗೊತ್ತಿಲ್ಲದೆ ಆದ ಒಂದು ಘಟನೆ ಹೇಳುತ್ತೇನೆ. ನಮ್ಮ ಗುಂಪಿನಲ್ಲೇ ಒಬ್ಬರು ಮ್ಯಾಗಝೀನ್ (ಗುಂಡು ತುಂಬಿ ರೈಫಲ್‌ಗೆ ಸಿಕ್ಕಿಸುವ ಡಬ್ಬಿ) ಕಳಚಿ ಮೇಜಿನ ಮೇಲೆ ಇಟ್ಟರು. ಖಾಲಿ ಆಯಿತು ಅಂದುಕೊಂಡು ಕುದುರೆ ಒತ್ತಿದರು. ಚೇಂಬರ್‌ನಲ್ಲಿ ಒಂದು ಉಳಿದಿತ್ತು. ಗುಂಡು ನಾಲ್ಕು ಹೆಜ್ಜೆ ಮುಂದೆ ನೆಲಕ್ಕೆ ಹೋಯಿತು, ಯಾರಿಗೂ ಏನೂ ಆಗಲಿಲ್ಲ, ಯಾಕೆಂದರೆ ನಳಿಗೆಯ ಬಾಯಿ ಗುರಿಯ ಕಡೆಗೇ ಇತ್ತು. ಅವತ್ತು ಎಲ್ಲರ ಕೈ ನಡುಗುತ್ತಿತ್ತು. ಅಂದಿನಿಂದ ನನ್ನ ಕ್ರಮ ಒಂದೇ: ಮೊದಲು ಮ್ಯಾಗಝೀನ್ ತೆಗೆಯೋದು, ಆಮೇಲೆ ಬೋಲ್ಟ್ ಹಿಂದಕ್ಕೆ ಎಳೆದು ನಿಲ್ಲಿಸೋದು, ಆಮೇಲೆ ಕಣ್ಣಿಂದ ನೋಡಿ ಕಿರುಬೆರಳಿಂದ ಮುಟ್ಟಿ ಚೇಂಬರ್ ಖಾಲಿ ಅಂತ ಖಾತ್ರಿ ಮಾಡೋದು. ಈ ಅನುಕ್ರಮ ತಪ್ಪಬಾರದು. ಮ್ಯಾಗಝೀನ್ ಒಳಗೆ ಇಟ್ಟುಕೊಂಡೇ ಬೋಲ್ಟ್ ಎಳೆದರೆ ಒಂದು ಹೊರಗೆ ಬಿದ್ದು ಇನ್ನೊಂದು ಒಳಗೆ ಹೋಗಿ ಕೂರುತ್ತದೆ.

ಇದಕ್ಕೇ ನಾನು ಮೊದಲು .22 ಅನ್ನೋದು. ಈ ಅಭ್ಯಾಸಗಳು ಕೈಗೆ ಕೂರಬೇಕಾದರೆ ಸಾವಿರಾರು ಸಲ ಮಾಡಬೇಕು. ಸಾವಿರಾರು ಸಲ ಮಾಡೋಕೆ ಗುಂಡು ಅಗ್ಗವಾಗಿರಬೇಕು, ಹೆಗಲಿಗೆ ಒದೆತ ಇರಬಾರದು. .22 ಲಾಂಗ್ ರೈಫಲ್ ಅನ್ನೋದು 1887ರಿಂದ ಇರುವ ಗುಂಡು. ಇವತ್ತಿಗೂ ಸಾಧಾರಣ ಒಂದಕ್ಕೆ 7ರಿಂದ 10 ಸೆಂಟ್‌ಗೆ ಸಿಗುತ್ತದೆ. ಎಆರ್-15ಕ್ಕೆ ಹಾಕುವ .223 ಒಂದಕ್ಕೆ 45, 50 ಸೆಂಟ್ ಹತ್ತಿರ ಹೋಗುತ್ತದೆ. ನೀವು ಒಂದು ಬೆಳಗ್ಗೆ 200 ಗುಂಡು ಹೊಡೆದಿರಿ ಅನ್ನಿ. ಒಂದರಲ್ಲಿ 20 ಡಾಲರ್, ಇನ್ನೊಂದರಲ್ಲಿ 100 ಡಾಲರ್. ತಿಂಗಳಿಗೆ ಎರಡು ಸಲ ಹೋದರೆ ನಾಲ್ಕೇ ತಿಂಗಳಲ್ಲಿ ವ್ಯತ್ಯಾಸದ ದುಡ್ಡಲ್ಲೇ ಇನ್ನೊಂದು ರೈಫಲ್ ಬರುತ್ತದೆ. ಎಆರ್-15 ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ, ನನ್ನ ಹತ್ತಿರವೂ ಇದೆ. ಆದರೆ ದೊಡ್ಡ ಸದ್ದಿಗೆ ಹೊಸಬರು ಕಣ್ಣು ಮುಚ್ಚಿ ಕುದುರೆಯನ್ನು ಜಗ್ಗುತ್ತಾರೆ, ಆ ಚಟ ಒಮ್ಮೆ ಅಂಟಿದರೆ ಬಿಡಿಸೋದು ಬಹಳ ಕಷ್ಟ. ನನಗೆ ಅದೇ ಆಗಿತ್ತು, ಬಿಡಿಸಿದ್ದು .22.

10/22 ಬಂದದ್ದು 1964ರಲ್ಲಿ. ತೂಕ ಸುಮಾರು 5 ಪೌಂಡ್, ಬೆಲೆ 300 ಡಾಲರ್ ಆಸುಪಾಸು, ಮಾಡೆಲ್ ನೋಡಿಕೊಂಡು ಹೆಚ್ಚು ಕಡಿಮೆ. ಅದರ 10 ಗುಂಡಿನ ಮ್ಯಾಗಝೀನ್ ಒಳಗೆ ಒಂದು ಚಕ್ರ ಇದೆ, ಗುಂಡುಗಳು ಅದರ ಸುತ್ತ ಕೂರುತ್ತವೆ. .22 ಗುಂಡಿನ ಬುಡದಲ್ಲಿ ಅಂಚು ಇರೋದರಿಂದ ಸಾಮಾನ್ಯ ಪೆಟ್ಟಿಗೆ ಮ್ಯಾಗಝೀನ್‌ನಲ್ಲಿ ಒಂದರ ಅಂಚು ಇನ್ನೊಂದಕ್ಕೆ ಸಿಕ್ಕಿಕೊಳ್ಳಬಹುದು. ಈ ಚಕ್ರದಲ್ಲಿ ಒಂದೊಂದಕ್ಕೂ ಬೇರೆ ಜಾಗ, ಆದ್ದರಿಂದ ಆ ರಗಳೆ ಇಲ್ಲ. ಅದರ ನಂಬಿಕೆಗೆ ಮುಖ್ಯ ಕಾರಣ ಇದೇ ಅಂತ ನನ್ನ ಅನಿಸಿಕೆ. ಇಷ್ಟು ವರ್ಷ ಇರೋದರಿಂದ ಬಿಡಿಭಾಗ ಎಲ್ಲೆಡೆ ಸಿಗುತ್ತವೆ, ಸ್ಕೋಪ್ (ಗುರಿ ನೋಡುವ ದುರ್ಬೀನು) ಕೂರಿಸೋದು ಸುಲಭ, ರಿಪೇರಿ ಗೊತ್ತಿರುವವರು ಎಲ್ಲ ಊರಲ್ಲೂ ಇದ್ದಾರೆ. ಕೊರತೆ ಇಲ್ಲ ಅಂತಲ್ಲ. ಕೊನೆಯ ಗುಂಡು ಹೋದ ಮೇಲೆ ಬೋಲ್ಟ್ ತಾನಾಗಿ ತೆರೆದು ನಿಲ್ಲುವುದಿಲ್ಲ, ಮುಚ್ಚಿಕೊಳ್ಳುತ್ತದೆ. ನೋಡಿದರೆ ತುಂಬಿದ್ದೋ ಖಾಲಿಯೋ ತಿಳಿಯಲ್ಲ. ಅದಕ್ಕೇ ಮೇಲೆ ಹೇಳಿದ ಕ್ರಮವನ್ನು ಇಷ್ಟು ಒತ್ತಿ ಹೇಳಿದ್ದು.

ಇನ್ನೂ ಅಗ್ಗ ಬೇಕು ಅಂದರೆ ಸ್ಯಾವೇಜ್ 64, ರೋಸ್ಸಿ ಆರ್‌ಎಸ್22 ಇವೆ, 200 ಡಾಲರ್ ಆಸುಪಾಸಿಗೆ ಸಿಗುತ್ತವೆ. ಚೆನ್ನಾಗಿಯೇ ಹೊಡೆಯುತ್ತವೆ, ಆದರೆ ಬಿಡಿಭಾಗ, ಮ್ಯಾಗಝೀನ್ ಅಷ್ಟು ಸಲೀಸಾಗಿ ಸಿಗಲ್ಲ. ಹಳೆಯದು ಕೊಳ್ಳೋದಾದರೆ ಮಾರ್ಲಿನ್ 60 ನೋಡಿ, 1960ರಿಂದ ದಶಕಗಳ ಕಾಲ ಬಂದದ್ದು, ನಳಿಗೆ ಕೆಳಗಿನ ಕೊಳವೆಗೆ ಗುಂಡು ತುಂಬೋದು, ನಿಖರತೆ ಚೆನ್ನ. ಎಆರ್ ಆಕಾರವೇ ಬೇಕು ಅಂತ ಮನಸ್ಸಿದ್ದರೆ ಸ್ಮಿತ್ ಆ್ಯಂಡ್ ವೆಸನ್‌ನ ಎಂ ಆ್ಯಂಡ್ ಪಿ 15-22 ಇದೆ. ಹಿಡಿ, ಸೇಫ್ಟಿ, ಬೋಲ್ಟ್ ಎಲ್ಲ ಎಆರ್ ತರಹವೇ, ಹೊಡೆಯೋದು .22. ಬೆಲೆ 450ರಿಂದ ಮೇಲೆ, ನಿಮ್ಮ ಬಜೆಟ್ ಅಲ್ಲಿಗೇ ಮುಗಿಯುತ್ತದೆ, ಗುಂಡಿಗೆ ಏನೂ ಉಳಿಯಲ್ಲ. ಟೆಕ್ಸಸ್ ಬಿಟ್ಟು ಬೇರೆ ಕಡೆ ಹೋಗುವ ಯೋಚನೆ ಇದ್ದರೆ ಅಲ್ಲಿನ ಕಾನೂನು ಮೊದಲು ಓದಿ. ಕ್ಯಾಲಿಫೋರ್ನಿಯಾದಲ್ಲಿ 10 ದಿನ ಕಾಯಬೇಕು, ವಾಷಿಂಗ್ಟನ್ ರಾಜ್ಯದಲ್ಲಿ 2023ರಿಂದ ಎಆರ್-15 ತರಹದವುಗಳ ಮಾರಾಟವೇ ಇಲ್ಲ. 10 ಗುಂಡಿನ ಸಾದಾ 10/22 ಹೆಚ್ಚಿನ ಕಡೆ ತಕರಾರಿಲ್ಲದೆ ನಡೆಯುತ್ತದೆ.

ಗುಂಡಿನ ಬಗ್ಗೆ ನಾನು ಮಾಡಿದ ತಪ್ಪು ನೀವು ಮಾಡಬೇಡಿ. ಮೊದಲ ದಿನ ಅತಿ ಅಗ್ಗದ ದೊಡ್ಡ ಡಬ್ಬ ತಗೊಂಡೆ. ಹತ್ತಕ್ಕೊಂದು ಸಿಕ್ಕಿಹಾಕಿಕೊಳ್ಳುತ್ತಿತ್ತು. ರೈಫಲ್ಲೇ ಸರಿ ಇಲ್ಲ ಅಂತ ವಾಪಸ್ ಕೊಡೋಕೆ ಹೊರಟಿದ್ದೆ. ಪಕ್ಕದ ಮೇಜಿನಲ್ಲಿದ್ದ ಹಿರಿಯರೊಬ್ಬರು ತಮ್ಮ ಸಿಸಿಐ ಮಿನಿ-ಮ್ಯಾಗ್ ಗುಂಡು ಒಂದು ಹಿಡಿ ಕೊಟ್ಟು ಇದನ್ನು ಹಾಕಿ ನೋಡು ಅಂದರು, ಒಂದೂ ಸಿಕ್ಕಿಹಾಕಿಕೊಳ್ಳಲಿಲ್ಲ. ಸೆಮಿ ಆಟೋದಲ್ಲಿ ಬೋಲ್ಟನ್ನು ಹಿಂದಕ್ಕೆ ತಳ್ಳೋದು ಗುಂಡಿನದೇ ಶಕ್ತಿ. ಅದು ದುರ್ಬಲವಾದರೆ ಬೋಲ್ಟ್ ಪೂರ್ತಿ ಹಿಂದೆ ಹೋಗಲ್ಲ, ಖಾಲಿ ಚಿಪ್ಪು ಬಾಯಲ್ಲೇ ಸಿಕ್ಕಿಕೊಳ್ಳುತ್ತದೆ. ಮೂರು ನಾಲ್ಕು ಬ್ರ್ಯಾಂಡಿನ ಚಿಕ್ಕ ಡಬ್ಬ ತಗೊಂಡು ನಿಮ್ಮ ರೈಫಲ್‌ಗೆ ಯಾವುದು ಒಗ್ಗುತ್ತದೆ ಅಂತ ನೋಡಿ, ಆಮೇಲೆ ಜಾಸ್ತಿ ಕೊಳ್ಳಿ.

ಕುದುರೆ ಎಳೆದರೂ ಹೊಡೆಯದಿದ್ದರೆ ನಳಿಗೆ ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯಿರಿ, ಆಮೇಲೆ ತೆಗೆಯಿರಿ. ಸದ್ದು ಪುಸಕ್ಕನೆ ಕಡಿಮೆ ಬಂದರೆ ಅಲ್ಲಿಗೇ ನಿಲ್ಲಿಸಿ, ಖಾಲಿ ಮಾಡಿ, ನಳಿಗೆಯಲ್ಲಿ ಏನಾದರೂ ಸಿಕ್ಕಿಕೊಂಡಿದೆಯಾ ನೋಡಿ. ಅದರ ಹಿಂದೆ ಇನ್ನೊಂದು ಹೊಡೆದರೆ ನಳಿಗೆ ಸಿಡಿಯಬಹುದು. .22 ಚಿಕ್ಕದು ಅಂತ ಹಗುರವಾಗಿ ನೋಡಬೇಡಿ, ಒಂದೂವರೆ ಮೈಲಿ ಹೋಗುತ್ತದೆ ಅಂತ ಡಬ್ಬದ ಮೇಲೇ ಬರೆದಿರುತ್ತದೆ. ಹಿಂದೆ ಮಣ್ಣಿನ ದಿಬ್ಬ ಇಲ್ಲದ ಕಡೆ ಹೊಡೆಯಲೇಬೇಡಿ. ಗುಂಡು ಸೀಸದ್ದು, ಮನೆಗೆ ಬಂದ ಮೇಲೆ ಅಲ್ಲ, ಅಲ್ಲೇ ಏನಾದರೂ ತಿನ್ನುವ ಮೊದಲೇ ಸೋಪು ಹಾಕಿ ಕೈ ತೊಳೆಯಿರಿ. ಮನೆಗೆ ಮಕ್ಕಳು ಬಂದು ಹೋಗುತ್ತಾರಾದರೆ ಬೀಗ ಎರಡು ಸಲ ನೋಡಿ. 17 ವರ್ಷದೊಳಗಿನವರ ಕೈಗೆ ಸಿಗುವ ಹಾಗೆ ತುಂಬಿದ ಕೋವಿ ಬಿಟ್ಟಿದ್ದರೆ ಟೆಕ್ಸಸ್‌ನಲ್ಲೂ ಅಪರಾಧವೇ.

ಕಲಿಯೋದಕ್ಕೆ ಪ್ರಾಜೆಕ್ಟ್ ಆಪಲ್‌ಸೀಡ್ ಅಂತ ಇದೆ, ಎರಡು ದಿನದ ವಾರಾಂತ್ಯದ ಶಿಬಿರ. ನಿಂತು, ಕೂತು, ಮಲಗಿ ಹೊಡೆಯೋದು, ಉಸಿರು ಹಿಡಿಯೋದು, ಪಟ್ಟಿಯನ್ನು ತೋಳಿಗೆ ಸುತ್ತಿ ರೈಫಲ್ ಅಲುಗದ ಹಾಗೆ ಮಾಡೋದು, ಎಲ್ಲ ಕಲಿಸುತ್ತಾರೆ. ಅಲ್ಲಿಗೆ ಬರುವ ತುಂಬಾ ಜನರ ಕೈಯಲ್ಲಿ 10/22 ಇರುತ್ತದೆ. ನಾನು 200 ಡಾಲರ್ ಸ್ಕೋಪ್ ಕೊಳ್ಳುವ ಬದಲು ಮೊದಲೇ ಇಲ್ಲಿಗೆ ಹೋಗಬೇಕಿತ್ತು ಅಂತ ಈಗಲೂ ಅನಿಸುತ್ತದೆ.

ಮರೆಯದೆ ಇದೊಂದು ಮಾಡಿ: ರೇಂಜ್‌ಗೆ ಒಂದು ಬೇರೆಯೇ ಚೀಲ ಇಡಿ, ಅದನ್ನು ಬೇರೆ ಯಾವುದಕ್ಕೂ ಬಳಸಬೇಡಿ. .22 ಗುಂಡು ಎಷ್ಟು ಚಿಕ್ಕದು ಅಂದರೆ ಲ್ಯಾಪ್‌ಟಾಪ್ ಬ್ಯಾಗಿನ ಮೂಲೆಯಲ್ಲಿ ಬಿದ್ದರೆ ಗೊತ್ತೇ ಆಗಲ್ಲ. ಅದೇ ಬ್ಯಾಗ್ ಹಾಕಿಕೊಂಡು ಊರಿಗೆ ಹೊರಟು, ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಒಂದೇ ಒಂದು ಗುಂಡು ಸಿಕ್ಕರೂ ಭಾರತದಲ್ಲಿ ಶಸ್ತ್ರಾಸ್ತ್ರ ಕಾಯ್ದೆ ಕೆಳಗೆ ಕೇಸು ಬೀಳುತ್ತದೆ. ಹಾಗೆ ಸಿಕ್ಕಿಹಾಕಿಕೊಂಡವರು ಇದ್ದಾರೆ. ಟಿಕೆಟ್ ಬುಕ್ ಮಾಡಿದ ದಿನವೇ ಜೇಬು, ಜಾಕೆಟ್, ಕಾರಿನ ಡಿಕ್ಕಿ ಎಲ್ಲ ಒಮ್ಮೆ ಕೊಡವಿ ನೋಡಿ.