‘ಬರ್ಕ್’ ಮಾಡೋದು ಅಂದ್ರೇನು?

ಪ್ರಶ್ನೆ: ಹಳೆಯ ಇಂಗ್ಲಿಷ್ ಸಂಪಾದಕೀಯವೊಂದರಲ್ಲಿ ‘ದ ಕಮಿಟಿ ಬರ್ಕ್‌ಡ್ ದ ಕ್ವೆಶ್ಚನ್’ ಅಂತ ಓದಿದೆ. ಬರ್ಕ್ ಅನ್ನೋ ಕ್ರಿಯಾಪದ ಇದೆ ಅಂತಲೇ ಗೊತ್ತಿರಲಿಲ್ಲ ಸರ್. ವಾರನ್ ಹೇಸ್ಟಿಂಗ್ಸ್ ವಿರುದ್ಧ ಪಾರ್ಲಿಮೆಂಟಿನಲ್ಲಿ ಮಾತಾಡಿದ ಎಡ್ಮಂಡ್ ಬರ್ಕ್ ಹೆಸರಿನಿಂದ ಬಂದಿದ್ದಾ?

ಉತ್ತರ: ಅಲ್ಲ. ಎಡ್ಮಂಡ್ ಬರ್ಕ್ 1797ರಲ್ಲೇ ತೀರಿಕೊಂಡಿದ್ದರು. ಈ ಪದ ಬಳಕೆಗೆ ಬಂದದ್ದು 1829ರ ಹೊತ್ತಿಗೆ, ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ, ವಿಲಿಯಂ ಬರ್ಕ್ ಎಂಬ ಕೊಲೆಗಾರನ ಹೆಸರಿನಿಂದ. ಇಬ್ಬರೂ ಐರ್ಲೆಂಡಿನವರು, ನಂಟು ಅಷ್ಟೇ.

ಆಗ ಎಡಿನ್‌ಬರೋಗೆ ವೈದ್ಯಕೀಯ ಓದಲು ಬರುವವರು ಜಾಸ್ತಿ. ಅಂಗರಚನೆಯ ಪಾಠಕ್ಕೆ ಹೆಣ ಬೇಕು. ಕಾನೂನಿನ ದಾರಿಯಲ್ಲಿ ಸಿಗುತ್ತಿದ್ದದ್ದು ಹೆಚ್ಚಾಗಿ ಗಲ್ಲಿಗೇರಿದ ಕೊಲೆಗಾರರ ಹೆಣ, ಅದು ಏನೇನೂ ಸಾಲುತ್ತಿರಲಿಲ್ಲ, ಹಾಗಾಗಿ ರಾತ್ರಿ ಗೋರಿ ಅಗೆದು ಹೆಣ ಕದ್ದು ಮಾರುವ ಕಸುಬೇ ಬೆಳೆದಿತ್ತು. 1827ರ ಕೊನೆಗೆ ವಿಲಿಯಂ ಹೇರ್ ಎಂಬವನ ಅಗ್ಗದ ವಸತಿಗೃಹದಲ್ಲಿ ಒಬ್ಬ ಮುದುಕ ಕಾಯಿಲೆಯಿಂದ ಸತ್ತ. ಬಾಡಿಗೆ ಬಾಕಿ ಇತ್ತು. ಹೇರ್ ಮತ್ತು ಬರ್ಕ್ ಸೇರಿ ಹೆಣವನ್ನು ಡಾ. ರಾಬರ್ಟ್ ನಾಕ್ಸ್ ಅವರ ಅಂಗರಚನಾ ಶಾಲೆಗೆ 7 ಪೌಂಡ್ 10 ಷಿಲಿಂಗಿಗೆ ಮಾರಿದರು.

ಇಷ್ಟು ಸುಲಭವಾಗಿ ದುಡ್ಡು ಸಿಕ್ಕಿದ್ದೇ ತಡ, 1828ರಲ್ಲಿ 16 ಜನರನ್ನು ಕೊಂದು ಮಾರಿದರು. ಬಹುತೇಕ ಬಡವರು, ಕಾಣೆಯಾದರೆ ಹುಡುಕಿಕೊಂಡು ಬರುವವರು ಕಡಿಮೆ. ಕುಡಿಸುವುದು, ಮತ್ತೇರಿದ ಮೇಲೆ ಒಬ್ಬ ಮೈಮೇಲೆ ಭಾರ ಹಾಕಿ ಹಿಡಿಯುವುದು, ಇನ್ನೊಬ್ಬ ಮೂಗು ಬಾಯಿ ಮುಚ್ಚುವುದು. ಗಾಯವಿಲ್ಲ, ರಕ್ತವಿಲ್ಲ. ಗುರುತಿಲ್ಲದ ಹೆಣಕ್ಕೆ ಬೆಲೆ ಚೆನ್ನಾಗಿತ್ತು, ಕೊಲೆ ಅಂತ ಸಾಬೀತು ಮಾಡುವುದೂ ಕಷ್ಟವಾಗಿತ್ತು. ಈ ಪದದ ಅರ್ಥ ನಿಂತಿರುವುದೇ ಈ ಗುರುತಿಲ್ಲದಿರುವಿಕೆಯ ಮೇಲೆ.

ಕೊನೆಗೆ ಹುಲ್ಲಿನಡಿ ಅಡಗಿಸಿಟ್ಟ ಹೆಂಗಸಿನ ಹೆಣ ಬಾಡಿಗೆಯವರ ಕಣ್ಣಿಗೆ ಬಿದ್ದು ಸಿಕ್ಕಿಬಿದ್ದರು. ಹೇರ್ ಮಾಫಿ ಸಾಕ್ಷಿಯಾಗಿ ಉಳಿದುಕೊಂಡ. ಬರ್ಕ್‌ನನ್ನು 1829ರ ಜನವರಿ 28ರಂದು ಗಲ್ಲಿಗೇರಿಸಿ, ಅವನ ಹೆಣವನ್ನೂ ಪಾಠಕ್ಕೆಂದು ಕೊಯ್ದರು. ಅಸ್ಥಿಪಂಜರ ಎಡಿನ್‌ಬರೋ ವಿಶ್ವವಿದ್ಯಾಲಯದ ಅಂಗರಚನಾ ಮ್ಯೂಸಿಯಂನಲ್ಲಿದೆ. ಕೊಂದವನ ಹೆಸರು ನಿಘಂಟು ಸೇರಿತು, ಸತ್ತವರಲ್ಲಿ ಕೆಲವರ ಹೆಸರು ಕೂಡ ದಾಖಲಾಗಲಿಲ್ಲ. ಇದು ನನಗೆ ಯಾವತ್ತೂ ಸಂಕಟದ ವಿಷಯ.

ಮೊದಮೊದಲು ‘ಬರ್ಕ್’ ಅಂದರೆ ಗುರುತು ಬೀಳದಂತೆ ಉಸಿರುಗಟ್ಟಿಸಿ ಕೊಲ್ಲುವುದು. ಗಲ್ಲು ನೋಡಲು ಸೇರಿದ ಜನವೇ ಅವನನ್ನು ‘ಬರ್ಕ್’ ಮಾಡಿ ಅಂತ ಕೂಗಿದ್ದರಂತೆ. ಬೇಗನೆ ಅದು ಮಾತಿಗೂ ಅಂಟಿಕೊಂಡಿತು: ಪ್ರಶ್ನೆಯನ್ನೋ ತನಿಖೆಯನ್ನೋ ಸದ್ದಿಲ್ಲದೆ ಅದುಮಿಬಿಡುವುದು. ಈಗ ಉಳಿದಿರುವುದು ಮುಖ್ಯವಾಗಿ ಈ ಅರ್ಥವೇ.

ನೀವು ಓದಿದ ವಾಕ್ಯವನ್ನು ‘ಸಮಿತಿ ಆ ಪ್ರಶ್ನೆಯನ್ನು ಮುಚ್ಚಿಹಾಕಿತು’ ಅಂತ ಹೇಳಬಹುದು. ಉತ್ತರ ಗೊತ್ತಿಲ್ಲದೆ ಸುಮ್ನೆ ಜಾರಿಕೊಂಡವರಿಗೆ ಈ ಪದ ಬಳಸಬೇಡಿ. ಬೇಕೆಂದೇ ಮಾತು ಏಳದಂತೆ ಮಾಡಿದಾಗ ಮಾತ್ರ ಇದು ಸರಿ ಹೊಂದುತ್ತದೆ. ಬ್ರಿಟಿಷರು ಪೆದ್ದನಿಗೆ ಬೈಯುವ ‘ಬರ್ಕ್’ ಕೂಡ ಕೇಳಲು ಹೀಗೇ ಇರುತ್ತದೆ, ಆದರೆ ಅದು ಲಂಡನ್ನಿನ ಪ್ರಾಸದ ಗ್ರಾಮ್ಯ ಭಾಷೆಯಿಂದ ಬಂದ ಬೇರೆಯೇ ಪದ. ಈ ಕೊಲೆಗಾರನಿಗೂ ಅದಕ್ಕೂ ಸಂಬಂಧವಿಲ್ಲ.