ಸ್ಪೈಡರ್‌ಮ್ಯಾನ್ ಕೊನೆಯಲ್ಲಿ ಬಂದ ಆ ಹಾಡು ಆ್ಯಪ್‌ನಲ್ಲಿ ಯಾಕೆ ಇರಲಿಲ್ಲ?

ಪ್ರಶ್ನೆ: 2021ರ ಕೊನೆಯಲ್ಲಿ ‘ಸ್ಪೈಡರ್‌ಮ್ಯಾನ್: ನೋ ವೇ ಹೋಮ್’ ನೋಡಿದಾಗ, ಕೊನೆಗೆ ಹೆಸರುಗಳು ಓಡುವ ಹೊತ್ತಿಗೆ ಒಂದು ಹಳೆಯ ರ‍್ಯಾಪ್ ಹಾಡು ಬಂತು. ಮೂರು ಎಂಬ ಸಂಖ್ಯೆಯನ್ನು ಹಿಡಿದು ಆಡುವ ಹಾಡು. ಡೆ ಲಾ ಸೋಲ್ ತಂಡದ್ದು ಅಂತ ಗೊತ್ತಾಯಿತು. ಆದರೆ ಯಾವ ಆ್ಯಪ್‌ನಲ್ಲಿ ಹುಡುಕಿದರೂ ಸಿಗಲಿಲ್ಲ. ವರ್ಷ ಕಳೆದ ಮೇಲೆ ಹಾಡು ಬಂತು, ಹಿಂದೆಯೇ ಆಲ್ಬಂಗಳೂ ಬಂದವು. ಅಷ್ಟು ದೊಡ್ಡ ತಂಡವಾದರೆ ಇಷ್ಟು ದಿನ ಎಲ್ಲಿದ್ದರು?
– ಓದುಗರು, ದಾವಣಗೆರೆ

ಉತ್ತರ: ಅವರು ಎಲ್ಲಿಗೂ ಹೋಗಿರಲಿಲ್ಲ, ದೇಶ ದೇಶ ಸುತ್ತಿ ವೇದಿಕೆ ಹತ್ತುತ್ತಲೇ ಇದ್ದರು. ಸಿಗದೆ ಹೋಗಿದ್ದು 1989ರಿಂದ 2001ರವರೆಗಿನ ಅವರ ಆರು ಆಲ್ಬಂಗಳು. ಯಾವ ಕೈಚಳಕದಿಂದ ಅವರು ಹೆಸರು ಮಾಡಿದರೋ ಅದೇ ಅವರ ಹಾಡುಗಳನ್ನು ಕಟ್ಟಿಹಾಕಿತು.

ಮೂವರೂ ಬೆಳೆದದ್ದು ನ್ಯೂಯಾರ್ಕ್ ನಗರದ ಪಕ್ಕದ ಲಾಂಗ್ ಐಲೆಂಡ್‌ನಲ್ಲಿ, ಅಮಿಟಿವಿಲ್ ಎಂಬ ಸಣ್ಣ ಊರಿನಲ್ಲಿ. ಕೆಲ್ವಿನ್ ಮರ್ಸರ್ ಮತ್ತು ಡೇವಿಡ್ ಜೋಲಿಕೋರ್ ರ‍್ಯಾಪ್ ಮಾಡುವವರು, ವಿನ್ಸೆಂಟ್ ಮೇಸನ್ ಡಿಜೆ. ವೇದಿಕೆಯ ಮೇಲೆ ಅವರು ಪಾಸ್‌ಡ್ನೂಸ್, ಟ್ರುಗಾಯ್, ಮೇಸಿಯೊ. ಟ್ರುಗಾಯ್ ಅಂದರೆ ಯೋಗರ್ಟ್ ಎಂಬುದನ್ನು ತಿರುಗಿಸಿ ಬರೆದದ್ದು. ಡೇವಿಡ್‌ಗೆ ಮೊಸರು ಇಷ್ಟವಂತೆ. ಇವರ ಕ್ಯಾಸೆಟ್ ಕೇಳಿ ಕೈಹಿಡಿದವರು ಅದೇ ಊರಿನ ಪ್ರಿನ್ಸ್ ಪಾಲ್. ಆಗಲೇ ಸ್ಟೆಟ್ಸಸೋನಿಕ್ ಎಂಬ ತಂಡದಲ್ಲಿದ್ದ ಅವರು ಇವರಿಗೆ ಪ್ರೊಡ್ಯೂಸರ್, ಅಂದರೆ ಹಾಡುಗಳ ಸಂಗೀತ ರೂಪಿಸುವವರು, ಆದರು. ಟಾಮಿ ಬಾಯ್ ಎಂಬ ಲೇಬಲ್ (ಧ್ವನಿಮುದ್ರಣ ಕಂಪನಿ) 1989ರಲ್ಲಿ ಮೊದಲ ಆಲ್ಬಂ ‘3 ಫೀಟ್ ಹೈ ಆ್ಯಂಡ್ ರೈಸಿಂಗ್’ ಹೊರತಂದಿತು.

ಹಿಪ್‌ಹಾಪ್‌ನಲ್ಲಿ, ಅಂದರೆ ರ‍್ಯಾಪ್ ಸಂಗೀತದಲ್ಲಿ, ಹಳೆಯ ಗ್ರಾಮಫೋನ್ ತಟ್ಟೆಯಿಂದ ಒಂದು ತುಣುಕು ಕತ್ತರಿಸಿ, ಸುತ್ತಿ ಸುತ್ತಿ ನುಡಿಸಿ, ಅದರ ಮೇಲೆ ಪದ ಕಟ್ಟುವುದು ಮೊದಲೂ ಇತ್ತು. ಆದರೆ ಹೆಚ್ಚಿನವರು ಜೇಮ್ಸ್ ಬ್ರೌನ್ ಅವರ ಡ್ರಮ್ ತುಣುಕುಗಳನ್ನೇ ಮತ್ತೆ ಮತ್ತೆ ಎತ್ತುತ್ತಿದ್ದರು. ಇವರು ಮನೆಯಲ್ಲಿ ಅಪ್ಪ ಅಮ್ಮ ಕೂಡಿಟ್ಟಿದ್ದ ತಟ್ಟೆಗಳಿಗೆ, ಹಳೆಯ ಅಂಗಡಿಯ ಮೂಲೆಯಲ್ಲಿ ಬಿದ್ದ ತಟ್ಟೆಗಳಿಗೆ ಕೈಹಾಕಿದರು. ಸ್ಟೀಲಿ ಡ್ಯಾನ್‌ನ ನುಣುಪಾದ ಪಾಪ್ ಸಂಗೀತ, ಓಟಿಸ್ ರೆಡ್ಡಿಂಗ್ ಅವರ ಸಿಳ್ಳೆ, ಹಾಲ್ ಆ್ಯಂಡ್ ಓಟ್ಸ್, ಅಮೆರಿಕದ ‘ಕಂಟ್ರಿ’ ಶೈಲಿಯ ಹಾಡುಗಾರ ಜಾನಿ ಕ್ಯಾಶ್ ಅವರ ಒಂದು ಸಾಲು, ಫ್ರೆಂಚ್ ಭಾಷೆ ಕಲಿಸುವ ಪಾಠದ ತಟ್ಟೆ. ‘ಪಾಟ್‌ಹೋಲ್ಸ್ ಇನ್ ಮೈ ಲಾನ್’ ಹಾಡಿನಲ್ಲಿ ಪಾರ್ಲಮೆಂಟ್ ತಂಡದ ಹಳೆಯ ಹಾಡಿನಿಂದ ತಂದ ಮೋರ್ಸಿಂಗ್ ನಾದ ಕೇಳುತ್ತದೆ. ಹೌದು, ನಮ್ಮ ಕಛೇರಿಯ ಮೋರ್ಸಿಂಗ್‌ನ ಒಡಹುಟ್ಟೇ. ನೀವು ಕೇಳಿದ ‘ದಿ ಮ್ಯಾಜಿಕ್ ನಂಬರ್’ ಹಾಡಿನ ಬೇರು 1973ರಲ್ಲಿ ಅಮೆರಿಕದ ಟಿವಿಯಲ್ಲಿ ಮಕ್ಕಳಿಗೆ ಮೂರರ ಮಗ್ಗಿ ಕಲಿಸುತ್ತಿದ್ದ ಒಂದು ಹಾಡು. ತಂಡದಲ್ಲಿದ್ದವರೂ ಮೂವರೇ!

ಇದನ್ನು ಈಗಿನ ಲ್ಯಾಪ್‌ಟಾಪ್ ಕೆಲಸ ಅಂದುಕೊಳ್ಳಬೇಡಿ. ಆ ಕಾಲದಲ್ಲಿ ಬೀಟ್ (ಪದಗಳ ಕೆಳಗೆ ಓಡುವ ಸಂಗೀತ) ಮಾಡುವವರ ಮೆಚ್ಚಿನ ಎಸ್‌ಪಿ-1200 ಎಂಬ ಸ್ಯಾಂಪ್ಲರ್‌ನ, ಅಂದರೆ ತುಣುಕು ತುಂಬಿಸಿಕೊಂಡು ನುಡಿಸುವ ಯಂತ್ರದ, ಒಟ್ಟು ಮೆಮೊರಿ ಸುಮಾರು ಹತ್ತು ಸೆಕೆಂಡು. ಜಾಗ ಉಳಿಸಲು ನಿಮಿಷಕ್ಕೆ 33 ಸುತ್ತು ತಿರುಗಬೇಕಾದ ತಟ್ಟೆಯನ್ನು 45 ಸುತ್ತಿನ ವೇಗದಲ್ಲಿ ಓಡಿಸಿ ತುಂಬಿಸಿಕೊಂಡು, ಆಮೇಲೆ ಯಂತ್ರದೊಳಗೆ ನಿಧಾನ ಮಾಡುತ್ತಿದ್ದರು. ಧ್ವನಿ ಒಂದಿಷ್ಟು ಒರಟಾಗುತ್ತಿತ್ತು. ಇವತ್ತು ಆ ಒರಟನ್ನು ತರಲೆಂದೇ ದುಡ್ಡು ಕೊಟ್ಟು ಸಾಫ್ಟ್‌ವೇರ್ ಕೊಳ್ಳುವವರಿದ್ದಾರೆ.

ಈಗ ತೊಡಕಿಗೆ ಬರೋಣ. ಮೊದಲ ಆಲ್ಬಂನ ಹಲವು ತುಣುಕುಗಳಿಗೆ ಲೇಬಲ್ ಅನುಮತಿ ಪಡೆದಿತ್ತು. ಫ್ರೆಂಚ್ ಪಾಠದ ಜೊತೆ ಬರುವ, ಒಂದು ನಿಮಿಷದ ಆಸುಪಾಸಿನ ಒಂದು ಕಿರು ಸಂಗೀತದಲ್ಲಿ ಬಳಸಿದ್ದಕ್ಕೆ ಪಡೆದಿರಲಿಲ್ಲ. ಅದರಲ್ಲಿ 1960ರ ದಶಕದ ದಿ ಟರ್ಟಲ್ಸ್ ತಂಡದ ಹಾಡೊಂದು ನಿಧಾನಗತಿಯಲ್ಲಿ ಸುತ್ತುತ್ತದೆ. ಆ ತಂಡದ ಇಬ್ಬರು ಕೋರ್ಟಿಗೆ ಹೋಗಿ 17 ಲಕ್ಷ ಡಾಲರ್ ಪರಿಹಾರ ಕೇಳಿದರು. ಕೊನೆಗೆ ಕೋರ್ಟಿನ ಹೊರಗೆ ರಾಜಿಯಾಯಿತು. ಇದು ಸಾಲದು ಎಂಬಂತೆ 1991ರ ಡಿಸೆಂಬರ್‌ನಲ್ಲಿ ಬಿಜ್ ಮಾರ್ಕಿ ಎಂಬ ಬೇರೊಬ್ಬ ರ‍್ಯಾಪರ್ ವಿರುದ್ಧದ ಮೊಕದ್ದಮೆಯಲ್ಲಿ ನ್ಯೂಯಾರ್ಕಿನ ನ್ಯಾಯಾಧೀಶರು ‘ಕದಿಯಬೇಡ’ ಎಂಬ ಬೈಬಲ್ ಆಜ್ಞೆಯಿಂದಲೇ ತೀರ್ಪು ಆರಂಭಿಸಿದರು. ಅಂದಿನಿಂದ ಒಂದೊಂದು ತುಣುಕಿಗೂ ಮೊದಲೇ ಕಾಗದಪತ್ರ, ಮೊದಲೇ ದುಡ್ಡು. ಒಂದೇ ಆಲ್ಬಂಗೆ ಹತ್ತಾರು ತಟ್ಟೆಗಳಿಂದ ಆಯ್ದು ತರುವ ಕೆಲಸ ದೊಡ್ಡ ಕಂಪನಿಗಳಿಗೂ ದುಬಾರಿಯಾಯಿತು.

ಹಾಗಾದರೆ ಅನುಮತಿ ಪಡೆದಿದ್ದ ತುಣುಕುಗಳ ಗತಿ? ಅಲ್ಲೇ ಇರುವುದು ನಿಮ್ಮ ಪ್ರಶ್ನೆಗೆ ಉತ್ತರ. 1980ರ ದಶಕದ ಕರಾರುಗಳಲ್ಲಿ ಗ್ರಾಮಫೋನ್ ತಟ್ಟೆ, ಕ್ಯಾಸೆಟ್ ಅಂತ ಬರೆದಿತ್ತು. ಮುಂದೆ ಬರಲಿರುವ ಬೇರೆ ರೂಪಗಳಿಗೂ ಅನ್ವಯ ಎಂಬ ಮಾತು ಅದರಲ್ಲಿರಲಿಲ್ಲ. ಇಂಟರ್ನೆಟ್ ಬಂದಾಗ ಪ್ರತಿ ತುಣುಕಿನ ಒಡೆಯರನ್ನು ಹುಡುಕಿ ಹೊಸದಾಗಿ ಮಾತಾಡಬೇಕಿತ್ತು. ಆಲ್ಬಂಗಳ ಹಕ್ಕುಗಳು 2002ರಲ್ಲಿ ವಾರ್ನರ್ ಎಂಬ ದೊಡ್ಡ ಸಂಗೀತ ಕಂಪನಿಯ ಕೈಗೆ ಹೋಗಿದ್ದವು. ಅಲ್ಲಿ ಆ ತಲೆನೋವಿಗೆ ಯಾರೂ ಕೈಹಾಕಲಿಲ್ಲ. ಬೇಸತ್ತ ತಂಡ 2014ರ ಪ್ರೇಮಿಗಳ ದಿನ ತನ್ನ ಹಳೆಯ ಆಲ್ಬಂಗಳನ್ನು 25 ಗಂಟೆ ಪುಕ್ಕಟೆ ಡೌನ್‌ಲೋಡ್‌ಗೆ ಬಿಟ್ಟಿತು. ಹಕ್ಕುಗಳನ್ನು ಮರಳಿ ಪಡೆದಿದ್ದ ಟಾಮಿ ಬಾಯ್ 2019ರಲ್ಲಿ ಸ್ಟ್ರೀಮಿಂಗ್‌ಗೆ ಬಿಡಲು ಹೊರಟಾಗ ತಮಗೆ ಬರುವ ಪಾಲು ತೀರಾ ಕಡಿಮೆ ಎಂದು ತಂಡವೇ ತಡೆಯಿತು. 2021ರಲ್ಲಿ ರಿಸರ್ವಾಯರ್ ಎಂಬ ಕಂಪನಿ ಟಾಮಿ ಬಾಯ್ ಅನ್ನೇ ಸುಮಾರು 10 ಕೋಟಿ ಡಾಲರ್‌ಗೆ ಕೊಂಡು, ತಂಡದ ಜೊತೆ ಕೂತು ಲೆಕ್ಕ ಚುಕ್ತಾ ಮಾಡಿತು. 2023ರ ಜನವರಿಯಲ್ಲಿ ನಿಮ್ಮ ಹಾಡು ಒಂಟಿಯಾಗಿ ಬಂತು, ಮಾರ್ಚ್ 3ರಂದು ಆರೂ ಆಲ್ಬಂ ಬಂದವು.

ಡೇವಿಡ್ ಅದನ್ನು ನೋಡಲಿಲ್ಲ. ಹೃದಯದ ಕಾಯಿಲೆಯಿಂದ ಬಳಲುತ್ತಿದ್ದ ಅವರು ಫೆಬ್ರುವರಿ 12ರಂದು ತೀರಿಕೊಂಡರು, 54ನೇ ವಯಸ್ಸಿನಲ್ಲಿ.

ಪ್ರಶ್ನೆ: ಮೊದಲ ಆಲ್ಬಂ ಮುಖಪುಟದ ತುಂಬ ಹೂವು. ಎರಡನೆಯದರ ಹೆಸರೇ ‘ಡೆ ಲಾ ಸೋಲ್ ಸತ್ತಿದೆ’ ಅನ್ನುವಂತಿದೆ. ಎರಡೇ ವರ್ಷದಲ್ಲಿ ಏನಾಯಿತು?
– ಕಾಲೇಜು ವಿದ್ಯಾರ್ಥಿನಿ, ಧಾರವಾಡ

ಉತ್ತರ: ಹೂವಿನ ಕಾಟ ತಾಳಲಾಗಲಿಲ್ಲ! ಮುಖಪುಟದ ಹೂವನ್ನು, ಚಿನ್ನದ ಸರ ಹಾಕದ, ಬೈಗುಳ ಉದುರಿಸದ ಹುಡುಗರನ್ನು ಕಂಡು ಪತ್ರಿಕೆಯವರು ‘ಹಿಪ್ಪಿಗಳು’ ಅಂದುಬಿಟ್ಟರು. ‘ಮಿ ಮೈಸೆಲ್ಫ್ ಆ್ಯಂಡ್ ಐ’ ಹಾಡಿನೊಳಗೇ ಇವರು ನಾವು ಹಿಪ್ಪಿಗಳಲ್ಲ ಅಂದಿದ್ದರೂ ಕೇಳಿಸಿಕೊಂಡವರಿಲ್ಲ. ಆ ಹಾಡು ಅಮೆರಿಕದ ಆರ್ ಆ್ಯಂಡ್ ಬಿ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೇರಿತು. ಮುಂದೆ ವೇದಿಕೆಯಲ್ಲಿ ಅದನ್ನು ಹಾಡುವಾಗ ‘ಈ ಹಾಡು ಕಂಡರೆ ನಮಗಾಗದು’ ಅಂತ ಜನರಿಂದಲೇ ಕೂಗಿಸುತ್ತಿದ್ದರು.

1991ರ ‘ಡೆ ಲಾ ಸೋಲ್ ಈಸ್ ಡೆಡ್’ ಮುಖಪುಟದಲ್ಲಿ ಒಡೆದ ಹೂಕುಂಡವಿದೆ. ಹಾಡುಗಳ ನಡುವೆ ಒಂದು ನಾಟಕ ಓಡುತ್ತದೆ: ಕಸದಲ್ಲಿ ಬಿದ್ದಿದ್ದ ಈ ತಂಡದ ಕ್ಯಾಸೆಟ್ ಒಬ್ಬ ಹುಡುಗನಿಗೆ ಸಿಗುತ್ತದೆ, ಕೆಲವು ಪುಂಡ ಹುಡುಗರು ಅದನ್ನು ಕಿತ್ತುಕೊಳ್ಳುತ್ತಾರೆ, ಹಾಡು ಹಾಡಿಗೂ ಮೂಗು ಮುರಿದು ಕೊನೆಗೆ ಮತ್ತೆ ಕಸಕ್ಕೇ ಎಸೆಯುತ್ತಾರೆ. ತನ್ನ ಆಲ್ಬಂ ಒಳಗೇ ತನ್ನ ವಿಮರ್ಶಕರನ್ನು ಕೂರಿಸಿದ ತಂಡ ಹಿಪ್‌ಹಾಪ್‌ನಲ್ಲಿ ಆವರೆಗೆ ಇರಲಿಲ್ಲ ಅಂತ ನನ್ನ ಲೆಕ್ಕ. ನಗಿಸುತ್ತಲೇ ಹೋಗುವ ಆಲ್ಬಂ ನಡುವೆ ಮಿಲ್ಲಿ ಎಂಬ ಹುಡುಗಿಯ ಹಾಡು ಬರುತ್ತದೆ. ಅಪ್ಪ ಊರಿಗೆಲ್ಲ ಒಳ್ಳೆಯವ, ಸಮಾಜ ಸೇವೆ ಮಾಡುವವ. ಮನೆಯಲ್ಲಿ ಮಗಳ ಮೇಲೆ ಕೈಹಾಕುವವ. ಕಥೆ ಹೇಳುವ ಗೆಳೆಯರೂ ಅವಳನ್ನು ನಂಬುವುದಿಲ್ಲ. ಅಂಗಡಿಯಲ್ಲಿ ಸಾಂಟಾ ವೇಷ ಹಾಕಿ ಕೂತ ಅಪ್ಪನ ಮುಂದೆ ಅವಳು ಪಿಸ್ತೂಲು ಹಿಡಿದು ನಿಲ್ಲುತ್ತಾಳೆ. ಮನೆಯೊಳಗಿನ ಈ ವಿಷಯವನ್ನು 1991ರಲ್ಲಿ ರ‍್ಯಾಪ್ ಹಾಡಾಗಿಸುವುದು ಸಣ್ಣ ಮಾತಲ್ಲ. ಇವರನ್ನು ಹೂವಿನ ಹುಡುಗರು ಅಂತ ಕರೆಯುವವರಿಗೆ ನಾನು ಈ ಹಾಡು ಕೇಳಿಸುತ್ತೇನೆ.

ಪ್ರಶ್ನೆ: ‘ಎಲ್ಲರ ಮೇಲೂ ಪ್ರಭಾವ ಬೀರಿದ ತಂಡ’ ಅಂತ ಎಲ್ಲರೂ ಬರೆಯುತ್ತಾರೆ. ಯಾರ ಮೇಲೆ, ಹೇಗೆ ಅಂತ ಯಾರೂ ಹೇಳುವುದಿಲ್ಲ. ನೀವಾದರೂ ತೋರಿಸಿ.
– ನಿವೃತ್ತ ಶಿಕ್ಷಕರು, ಶಿವಮೊಗ್ಗ

ಉತ್ತರ: ಮೇಷ್ಟ್ರ ಪ್ರಶ್ನೆ ಸರಿಯಾಗಿದೆ. ಕೈಯಲ್ಲಿ ಹಿಡಿದು ತೋರಿಸಬಹುದಾದದ್ದನ್ನಷ್ಟೇ ಹೇಳುತ್ತೇನೆ.

ಹಾಡುಗಳ ನಡುವೆ ಪುಟ್ಟ ನಾಟಕ ಸೇರಿಸುವ ಪದ್ಧತಿ, ಅಂದರೆ ಸ್ಕಿಟ್, ಹಿಪ್‌ಹಾಪ್‌ನಲ್ಲಿ ಊರಿಕೊಂಡದ್ದು ಇವರ ಮತ್ತು ಪ್ರಿನ್ಸ್ ಪಾಲ್ ಅವರ ಮೊದಲ ಆಲ್ಬಂನಿಂದ. ಅಲ್ಲಿ ಅದು ಟಿವಿಯ ರಸಪ್ರಶ್ನೆ ಕಾರ್ಯಕ್ರಮದ ಅಣಕ. ವೂ-ಟ್ಯಾಂಗ್ ಕ್ಲ್ಯಾನ್, ಲಾರಿನ್ ಹಿಲ್, ಕಾನ್ಯೆ ವೆಸ್ಟ್ ಎಲ್ಲರೂ ಅದೇ ದಾರಿ ತುಳಿದರು. (ಇದು ಬರೀ ಹೊಗಳಿಕೆಯಲ್ಲ. 1990ರ ದಶಕದ ಎಷ್ಟೋ ಆಲ್ಬಂಗಳು ಕೆಲಸಕ್ಕೆ ಬಾರದ ಸ್ಕಿಟ್‌ಗಳಿಂದ ಉಬ್ಬಿಕೊಂಡಿವೆ.)

ಜಂಗಲ್ ಬ್ರದರ್ಸ್, ಎ ಟ್ರೈಬ್ ಕಾಲ್ಡ್ ಕ್ವೆಸ್ಟ್, ಕ್ವೀನ್ ಲತೀಫಾ, ಮೋನಿ ಲವ್ ಜೊತೆ ಸೇರಿ ಇವರು ನೇಟಿವ್ ಟಂಗ್ಸ್ ಎಂಬ ಬಳಗ ಕಟ್ಟಿಕೊಂಡರು. ಒಬ್ಬರ ತಟ್ಟೆಯಲ್ಲಿ ಇನ್ನೊಬ್ಬರು ಹಾಡುವುದು, ಸ್ಟುಡಿಯೋಕ್ಕೆ ಸುಮ್ಮನೆ ಹೋಗಿ ಕೂರುವುದು. ಸಂದುಗೊಂದಿಯ ಬಂದೂಕಿನ ಕಥೆಯಿಲ್ಲದೆಯೂ ರ‍್ಯಾಪ್ ಮಾಡಬಹುದು, ಹೊರವಲಯದ ಬಡಾವಣೆಯ ಹುಡುಗನೂ ತನ್ನ ಪಾಡನ್ನೇ ಹಾಡಬಹುದು ಎಂಬ ಧೈರ್ಯ ಈ ಬಳಗದಿಂದ ಹಬ್ಬಿತು. ನಾಲ್ಕನೇ ಆಲ್ಬಂ, 1996ರ ‘ಸ್ಟೇಕ್ಸ್ ಈಸ್ ಹೈ’, ಪ್ರಿನ್ಸ್ ಪಾಲ್ ಇಲ್ಲದೆ ಮಾಡಿದ್ದು. ಅದರ ಶೀರ್ಷಿಕೆ ಹಾಡಿನ ಬೀಟ್ ಡೆಟ್ರಾಯಿಟ್‌ನ ಜೆ ಡಿಲ್ಲಾ ಅವರದು. ಆಗಿನ್ನೂ ಅವರ ಹೆಸರು ಬಹಳ ಜನಕ್ಕೆ ಗೊತ್ತಿರಲಿಲ್ಲ. ಅದೇ ಆಲ್ಬಂನಲ್ಲಿ ಇನ್ನೂ ಸ್ವಂತ ಆಲ್ಬಂ ಇಲ್ಲದ ರ‍್ಯಾಪರ್ ಮಾಸ್ ಡೆಫ್ ಹಾಡಿದ್ದಾರೆ. ಮುಂದಿನ ಹತ್ತು ವರ್ಷದ ಹಿಪ್‌ಹಾಪ್ ಈ ಇಬ್ಬರಿಗೆ ಎಷ್ಟು ಋಣಿ ಎಂಬುದನ್ನು ಬಲ್ಲವರಿಗೆ ಬೇರೆ ಸಾಕ್ಷಿ ಬೇಡ.

ಹಾಡುಗಳು ಕೈಗೆ ಸಿಗದ ಆ ವರ್ಷಗಳಲ್ಲಿ ಇನ್ನೊಂದು ವಿಚಿತ್ರ ನಡೆಯಿತು. ಹೊಸ ಕೇಳುಗರು ಶಿಷ್ಯರನ್ನು ಮೊದಲು ಕೇಳಿದರು, ಗುರುಗಳನ್ನು ಆಮೇಲೆ. 2005ರ ಗೊರಿಲ್ಲಾಜ್ ಎಂಬ ಬ್ರಿಟಿಷ್ ತಂಡದ ಹಾಡು ‘ಫೀಲ್ ಗುಡ್ ಇಂಕ್’ ಶುರುವಾಗುವ ಆ ಗಹಗಹಿಸುವ ನಗು ಮೇಸಿಯೊ ಅವರದು. ಆ ಹಾಡಿಗೆ ಗ್ರ್ಯಾಮಿ ಬಂತು. ನಗುವನ್ನು ಜಗತ್ತೇ ಗುರುತಿಸಿತು, ನಕ್ಕವರು ಯಾರೆಂದು ಎಷ್ಟು ಜನಕ್ಕೆ ಗೊತ್ತು?

ಪ್ರಶ್ನೆ: ನಾನು ಬೀಟ್ ಮಾಡುತ್ತೇನೆ. 1960ರ ದಶಕದ ಕನ್ನಡ ಚಿತ್ರಗೀತೆಯೊಂದರ ಪಿಟೀಲು ತುಣುಕನ್ನು ಕತ್ತರಿಸಿ ಬಳಸಿದ್ದೇನೆ, ಆರೇ ಸೆಕೆಂಡು. ಇಷ್ಟಕ್ಕೆಲ್ಲ ಅನುಮತಿ ಬೇಡ ಅಂತ ಗೆಳೆಯರು ಹೇಳುತ್ತಾರೆ. ನಿಜವೇ?
– ಓದುಗರು, ಬೆಂಗಳೂರು

ಉತ್ತರ: ನಿಜವಲ್ಲ. ಆರು ಸೆಕೆಂಡು ಪುಕ್ಕಟೆ, ಮೂವತ್ತು ಸೆಕೆಂಡು ಪುಕ್ಕಟೆ ಎಂಬ ನಿಯಮ ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಒಂದು ಹಾಡಿನಲ್ಲಿ ಬೇರೆ ಬೇರೆ ಹಕ್ಕುಗಳಿವೆ. ಧ್ವನಿಮುದ್ರಣದ ಹಕ್ಕು ಅದು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ. ಅಂದರೆ 1964ರಲ್ಲಿ ಹೊರಬಂದ ತಟ್ಟೆಯ ಮುದ್ರಣ 2024ರ ಕೊನೆಯವರೆಗೆ ರಕ್ಷಣೆಯಲ್ಲಿತ್ತು, ಈಗ ಬಿಡುಗಡೆಯಾಗಿದೆ. ಆದರೆ ರಾಗ ಸಂಯೋಜನೆ ಮತ್ತು ಸಾಹಿತ್ಯದ ಹಕ್ಕು ಹಾಗಲ್ಲ, ಅವನ್ನು ಮಾಡಿದವರು ತೀರಿಕೊಂಡ ಮೇಲೂ 60 ವರ್ಷ ಉಳಿಯುತ್ತದೆ. ಪಿಟೀಲಿನ ಆ ತುಣುಕು ಸಂಗೀತ ನಿರ್ದೇಶಕರ ಸಂಯೋಜನೆಯ ಭಾಗ. ಹಾಗಾಗಿ ತಟ್ಟೆ ಹಳೆಯದಾದ ಮಾತ್ರಕ್ಕೆ ನೀವು ಪಾರಾದಂತಲ್ಲ. ಐದು ವರ್ಷ ಕಳೆದ ಹಾಡಿಗೆ ನೋಟಿಸ್ ಕೊಟ್ಟು, ರಾಯಧನ ಕಟ್ಟಿ ಕವರ್ ಹಾಡಬಹುದು ಎಂಬ ಅವಕಾಶ ಕಾಯ್ದೆಯಲ್ಲಿದೆ. ಅದು ಪೂರ್ತಿ ಹಾಡನ್ನು ಹೊಸದಾಗಿ ಹಾಡುವವರಿಗೆ, ಕತ್ತರಿಸಿ ಅಂಟಿಸುವವರಿಗಲ್ಲ.

ಆರಂಭದಲ್ಲೇ ಅನುಮತಿ ಕೇಳಿ. ಹಳೆಯ ಎಚ್‌ಎಂವಿ ತಟ್ಟೆಗಳ ಹಕ್ಕು ಈಗ ಸಾರೆಗಮ ಕಂಪನಿಯ ಬಳಿ ಇದೆ. ಒಪ್ಪಿಗೆ ಸಿಕ್ಕರೆ ಕರಾರಿನಲ್ಲಿ ಆನ್‌ಲೈನ್, ವಿಡಿಯೋ, ಮುಂದೆ ಬರಬಹುದಾದ ಮಾಧ್ಯಮ ಎಲ್ಲ ಸೇರಿದೆಯೇ ಅಂತ ವಕೀಲರಿಗೆ ತೋರಿಸಿ. ಡೆ ಲಾ ಸೋಲ್ ಎಡವಿದ್ದು ಅಲ್ಲೇ.

ಅವರು ಕಂಡುಕೊಂಡ ಇನ್ನೊಂದು ದಾರಿಯೂ ಇದೆ. 2015ರಲ್ಲಿ ಅಭಿಮಾನಿಗಳಿಂದ ಕಿಕ್‌ಸ್ಟಾರ್ಟರ್ ಎಂಬ ಹಣ ಕೂಡಿಸುವ ಜಾಲತಾಣದ ಮೂಲಕ 1,10,000 ಡಾಲರ್ ಕೇಳಿದರು, 6 ಲಕ್ಷಕ್ಕೂ ಹೆಚ್ಚು ಬಂತು. ಆ ದುಡ್ಡಿನಲ್ಲಿ ವಾದ್ಯಗಾರರನ್ನು ಕೂರಿಸಿ, ಮನಸ್ಸಿಗೆ ಬಂದಂತೆ ನುಡಿಸಲು ಬಿಟ್ಟು, 200 ಗಂಟೆಗೂ ಹೆಚ್ಚು ಧ್ವನಿಮುದ್ರಣ ಮಾಡಿಕೊಂಡರು. ಆಮೇಲೆ ಅದನ್ನೇ ಹಳೆಯ ತಟ್ಟೆ ಅಂದುಕೊಂಡು ತುಣುಕು ಕತ್ತರಿಸಿದರು. 2016ರ ಆಲ್ಬಂ ಹುಟ್ಟಿದ್ದು ಹೀಗೆ, ಅದು ಗ್ರ್ಯಾಮಿ ನಾಮನಿರ್ದೇಶನಕ್ಕೂ ಹೋಯಿತು. ನಿಮ್ಮ ಬಡಾವಣೆಯಲ್ಲಿ ಪಿಟೀಲು ಕಲಿಯುತ್ತಿರುವ ಒಬ್ಬರಾದರೂ ಸಿಗುತ್ತಾರೆ. ಅವರಿಗೆ ಸಂಭಾವನೆ ಕೊಟ್ಟು ಒಂದು ಮಧ್ಯಾಹ್ನ ಸ್ವಂತದ್ದೇನಾದರೂ ನುಡಿಸಿಸಿ. ಆ ಹಕ್ಕನ್ನೂ ಕಾಗದದ ಮೇಲೆ ಬರೆಸಿಕೊಳ್ಳಿ.

ಪ್ರಶ್ನೆ: ಎಲ್ಲಿಂದ ಕೇಳಲು ಶುರುಮಾಡಲಿ?
– ಹಲವರು

ಉತ್ತರ: ಮೊದಲ ಆಲ್ಬಂ ಎಲ್ಲರೂ ಹೇಳುತ್ತಾರೆ, ತಪ್ಪಿಲ್ಲ. ನನ್ನ ಆಯ್ಕೆ ಮೂರನೆಯದು, 1993ರ ‘ಬಲೂನ್ ಮೈಂಡ್‌ಸ್ಟೇಟ್’. ಜೇಮ್ಸ್ ಬ್ರೌನ್ ಬಳಿ ನುಡಿಸುತ್ತಿದ್ದ ಮೇಸಿಯೊ ಪಾರ್ಕರ್ ಸ್ವತಃ ಬಂದು ಸ್ಯಾಕ್ಸೊಫೋನ್ ಊದಿದ್ದಾರೆ, ಒಂದು ಹಾಡಿನಲ್ಲಿ ಜಪಾನಿನ ರ‍್ಯಾಪರ್‌ಗಳು ಜಪಾನಿ ಭಾಷೆಯಲ್ಲೇ ಹಾಡಿದ್ದಾರೆ. ಹೆಚ್ಚು ಮಾರಾಟವಾಗದ ಆಲ್ಬಂ. ಆದರೆ ಇವರಲ್ಲಿ ಯಾರನ್ನೂ ಮೆಚ್ಚಿಸುವ ಆತುರ ಕಾಣದಿರುವುದು ಇಲ್ಲೇ. ಡೇವಿಡ್ ಅವರ ಧ್ವನಿ ಮತ್ತೆ ಕೇಳಬೇಕೆಂದರೆ 2025ರ ನವೆಂಬರ್‌ನಲ್ಲಿ ಬಂದ ‘ಕ್ಯಾಬಿನ್ ಇನ್ ದಿ ಸ್ಕೈ’ ಇದೆ. ಯಾವುದನ್ನೇ ಕೇಳಿದರೂ ಆ್ಯಪ್‌ನಲ್ಲಿ ಹಾಡುಗಳ ಕ್ರಮ ಕಲಸುವ ಶಫಲ್ ಬಟನ್ ಆಫ್ ಮಾಡಿಬಿಡಿ. ಇಲ್ಲದಿದ್ದರೆ 1991ರ ಆ ಪುಂಡರ ನಾಟಕದ ತಲೆಬುಡ ತಿಳಿಯುವುದಿಲ್ಲ.